ಕಾಲು ಸುತ್ತು

ಇಷ್ಟು ವರ್ಷ ನಾನು ಕಟ್ಟಿದ್ದು
ಹೊರಗೆ ಹೋಗುವ ನೀರನ್ನು.
ಬಟವಾಡಿಯ ಶೆಡ್ಡಿನಲ್ಲಿ ಪಂಪುಗಳ ಗ್ಲಾಂಡಿಗೆ
ಗ್ರೀಸು ಮೆತ್ತಿದ ಡೋರಿ ಸುತ್ತಿ ಸುತ್ತಿ
ಬೆರಳ ಗೆರೆಗಳಿಗೂ ಡೋರಿಯದೇ ನೇಯ್ಗೆ.
ಒಳಗೆ ಬರುವ ನೀರು ನನಗೆ ಹೊಸದು.

ಅಮಾನಿಕೆರೆಯ ಜೆಟ್ ಬೋಟು ಬಂತು
ಟ್ರ್ಯಾಕ್ಟರ್ ಟ್ರೇಲರಿನ ಹುಲ್ಲಿನ ಮೇಲೆ,
ಪಶು ಆಸ್ಪತ್ರೆಗೆ ಹೊರಟ ಎಮ್ಮೆಯ ಮುಖ ಮಾಡಿಕೊಂಡು.
ಜೊತೆಗೆ ಕಂಬಯ್ಯ, ಕೈಯಲ್ಲೊಂದು ನೀಲಿ ಮಗ್ಗು.
"ದಿನಾ ಬೆಳಿಗ್ಗೆ ನಲವತ್ತೆರಡು ಮಗ್ಗು ಮೊಗೆದು ಚೆಲ್ತೀನಿ ಕಣಕ್ಕ,
ಸೋಮವಾರ ಅರವತ್ತು. ಕಂಟ್ರಾಕ್ಟರಿಗೆ ಹೇಳಿಲ್ಲ.
ಹೇಳಿದ್ರೆ ಬೋಟನ್ನೂ ಮಾರ್ತಾನೆ, ನನ್ನನ್ನೂ ಕಳಿಸ್ತಾನೆ."

ಹಿಂಬದಿಯ ತಳದಲ್ಲಿ ಹೊಕ್ಕುಳಷ್ಟು ತೂತು,
ಅದಕ್ಕೊಂದು ಹಿತ್ತಾಳೆ ಬಿರಡೆ,
ಬಿರಡೆಯ ಕೊರಳಿಗೆ ರಬ್ಬರ್ ಬಳೆ.
ಸುತ್ತ ಯಾರು ಯಾರದೋ ವೈದ್ಯ:
ಒಬ್ಬ ಎಂ-ಸೀಲ್ ಮೆತ್ತಿದ್ದಾನೆ, ಇನ್ನೊಬ್ಬ ಟೆಫ್ಲಾನ್ ಟೇಪು,
ಮತ್ಯಾರೋ ಸೈಕಲ್ ಟ್ಯೂಬಿನ ತುಂಡು,
ಎಲ್ಲದರ ಅಡಿಗೆ ಒಣಗಿದ ಹಲಸಿನ ಮೇಣ.
"ಅದು ನಾನೇ" ಅಂದ ಕಂಬಯ್ಯ, ಮಗ್ಗಿನೊಳಗೆ ನೋಡುತ್ತ.

ಎಲ್ಲ ಕೆರೆದು ತೆಗೆದೆ.
ಬಳೆಯನ್ನು ಬೆಳಕಿಗೆ ಹಿಡಿದರೆ
ಹಿಂಡಿ ಹಿಂಡಿ ಚಪ್ಪಟೆ, ಒಂದು ಕಡೆ ಸೀಳು.
ಸೋರಿದಷ್ಟೂ ಬಿಗಿದಿದ್ದಾರೆ, ಬಿಗಿದಷ್ಟೂ ಸೋರಿದೆ.
ಅಪ್ಪ ಪಾನಾ ಕೊಡುವಾಗಲೆಲ್ಲ ಹೇಳುತ್ತಿದ್ದ:
ಮೊದಲು ಕೈಬಿಗಿ. ಆಮೇಲೆ ಕಾಲು ಸುತ್ತು.
ಅದಕ್ಕೂ ಮೀರಿ ತಿರುಗಿಸಿದರೆ ಅದು ಸಿಟ್ಟು, ಕೆಲಸವಲ್ಲ.

ಮಂಡಿಪೇಟೆಯಿಂದ ಹೊಸ ಬಳೆ, ಹದಿನೆಂಟು ರೂಪಾಯಿ.
ಹಾಕಿದೆ. ಕೆರೆಗಿಳಿಸಿದರು. ಮರುದಿನ ಫೋನು:
"ನಲವತ್ತೊಂದು."

ಒಂದು ಮಗ್ಗಿನ ಲಾಭಕ್ಕೆ ನಗು ಬಂತು,
ರಾತ್ರಿ ನಿದ್ದೆ ಬರಲಿಲ್ಲ.

ಮತ್ತೆ ತರಿಸಿ, ಈ ಸಲ ಉಲ್ಟಾ ಮಾಡಿದೆ:
ಬೋಟಿನೊಳಕ್ಕೇ ಬಕೆಟ್ಟುಗಟ್ಟಲೆ ನೀರು ಸುರಿದು,
ಹೊರಮೈ ಒರೆಸಿ, ಸೀಮೆಸುಣ್ಣ ಉಜ್ಜಿ
ಮಂಡಿಯೂರಿ ಕೂತೆ.
"ತೆಗೀರಿ ಅಂದ್ರೆ ತುಂಬ್ತೀರಲ್ಲಕ್ಕ!"
"ಸುಮ್ನಿರು. ತನ್ನ ದಾರಿ ಅದೇ ಹೇಳುತ್ತೆ."
ಹತ್ತು ನಿಮಿಷ. ಹೊರಗೆ ಬಸ್ಸು, ಸೊಪ್ಪಿನವಳ ಕೂಗು.
ಬಿರಡೆಯ ಸುತ್ತ ಸುಣ್ಣ ಬೆಳ್ಳಗೇ ಇತ್ತು.
ಎರಡು ಬೆರಳಾಚೆ,
ಬಿರಡೆ ಕೂರುವ ಹಿತ್ತಾಳೆ ತಟ್ಟೆಯ ಮೂರನೇ ಸ್ಕ್ರೂ ಪಕ್ಕ
ಒಂದು ಹನಿ
ಬೀಳಲೋ ಬೇಡವೋ ಅಂತ.

ಬಳೆಯದು ಒಂದು ಮಗ್ಗಿನ ತಪ್ಪು.
ನಲವತ್ತೊಂದು, ಅದನ್ನು ಹಿಡಿದು ನಿಂತ ತಟ್ಟೆಯದು.
ಬೈಸಿಕೊಂಡದ್ದು ಮಾತ್ರ ಬಳೆ.

ತಟ್ಟೆ ಬಿಚ್ಚಿದೆ. ಹಿಂದಿನ ಹಳೇ ಅಂಟು
ಮುದ್ದೆ ಪಾತ್ರೆಯ ಸೀಕಿನಂತೆ ಎದ್ದು ಬಂತು.
ಎರಡು ದಿನ ಬಿಸಿಲಿಗಿಟ್ಟೆ. ಅಷ್ಟರಲ್ಲಿ
ಕಂಟ್ರಾಕ್ಟರಿಗೆ ಹೇಗೋ ಗೊತ್ತಾಗಿ
"ಒಂದು ತೂತಿಗೆ ಎರಡು ದಿನವಾ?" ಅಂದ.
ತೂತಿಗಲ್ಲ ಸ್ವಾಮಿ, ತೂತಿನ ಸುತ್ತಲಿಗೆ.
ಹೊಸ ಅಂಟು, ಬೆಣ್ಣೆಯ ಹದ;
ಸ್ಕ್ರೂಗಳನ್ನು ಎದುರುಬದುರು, ಇಷ್ಟಿಷ್ಟೇ;
ಒಂದು ರಾತ್ರಿ ಬಿಟ್ಟು, ಅಂಟು ಗಟ್ಟಿಯಾದ ಮೇಲೆ
ಕಾಲು ಸುತ್ತು.

ಮೊದಲ ಬೆಳಿಗ್ಗೆ: "ಸೊನ್ನೆ."
ಮರುದಿನ: "ಸೊನ್ನೆ ಅಕ್ಕಾ. ಕೈಗೆ ಕೆಲಸವೇ ಇಲ್ಲ,
ಮಗ್ಗಿನಲ್ಲಿ ಟೀ ತರಿಸ್ಕೊಂಡೆ."
ಮೂರನೆಯ ಬೆಳಿಗ್ಗೆ, ಆರೂವರೆಗೆ, ಸಣ್ಣ ದನಿಯಲ್ಲಿ:
"ಏಳು."

ಚಪ್ಪಲಿ ಹುಡುಕದೆ ಸ್ಕೂಟಿ ಹತ್ತಿದೆ.
ಆರು ಚೆಲ್ಲಿ, ಏಳನೆಯದನ್ನು ಸಾಕ್ಷಿಗೆ ಇಟ್ಟಿದ್ದ.
ತಳ ಒರೆಸಿದೆ, ಕಾದೆ. ಒಂದು ಹನಿಯೂ ಇಲ್ಲ.
ಮಗ್ಗಿನಲ್ಲಿ ಬೆರಳದ್ದಿ ಮೂಸಿದೆ:
ಕೆರೆಯ ಪಾಚಿ ವಾಸನೆ ಎಲ್ಲಿ?
"ರಾತ್ರಿ ಈ ಕಡೆ ಮಳೆ ಬಂತಾ ಕಂಬಯ್ಯ?"
"ಬಂತಕ್ಕ. ಚೆನ್ನಾಗೇ ಬಂತು."
"ಟಾರ್ಪಾಲು?"
"ಸೋರೋದು ನಿಂತಿತ್ತಲ್ಲ ಅಂತ..."

ಮೇಲಿಂದ ಬರುವುದಕ್ಕೆ
ಮಂಡಿಪೇಟೆಯಲ್ಲಿ ಬಳೆ ಸಿಗುವುದಿಲ್ಲ ಮಾರಾಯ
ಅನ್ನುತ್ತ ಸಾಕ್ಷಿಯನ್ನು
ಕೆರೆಗೆ ಚೆಲ್ಲಿದೆ.